ಬಾಗಿಲಿಗೆ ಅಡ್ಡ ಕೂತವಳು

ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ದಾರಿಯಲ್ಲಿ ಮಾವಿನಕಟ್ಟೆ ಅಂತ ಒಂದು ಊರು. ರಸ್ತೆಯ ಎರಡೂ ಬದಿಗೆ ಮನೆಗಳು, ಹಿಂದೆ ತೆಂಗಿನ ತೋಟಗಳು, ಅದರಾಚೆ ರಾಗಿ, ಹುರುಳಿಯ ಹೊಲಗಳು. ಆ ಊರಿನಲ್ಲಿದ್ದ ಒಂದೇ ಒಂದು ಕ್ರೈಸ್ತರ ಮನೆ ಲೂರ್ದಮ್ಮನದು. ಹೊಲಿಗೆ ಮಿಷನ್ ಇಟ್ಟುಕೊಂಡು ಜೀವನ ಮಾಡುತ್ತಿದ್ದಳಾದ್ದರಿಂದ ಊರವರು ಅವಳನ್ನು ಮಿಷನ್ನಮ್ಮ ಎಂದು ಕರೆಯುತ್ತಿದ್ದರು. ಮಿಷನ್ ಸ್ಕೂಲು, ಮಿಷನ್ ಆಸ್ಪತ್ರೆ ಅಂತೆಲ್ಲ ಕೇಳಿ ಬಲ್ಲ ಕೆಲವರು, ಅವಳ ಧರ್ಮದಿಂದಲೇ ಆ ಹೆಸರು ಬಂದದ್ದೆಂದು ತಿಳಿದಿದ್ದರು. ಅವಳು ಯಾರನ್ನೂ ತಿದ್ದಲು ಹೋಗಿರಲಿಲ್ಲ.

ಹುಟ್ಟಿ ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಗಂಡ ಚಿನ್ನಪ್ಪ ಗಾರೆ ಕೆಲಸದವನು. ಮಾವಿನಕಟ್ಟೆಯ ಶಾಲೆ ಕಟ್ಟಲು ಬಂದವನು ಊರು ಹಿಡಿಸಿ, ರಸ್ತೆ ಬದಿಯಲ್ಲಿ ಚೂರು ಜಾಗ ಮಾಡಿಕೊಂಡು ಹೆಂಚಿನ ಮನೆ ಎಬ್ಬಿಸಿದ್ದ. ಕಾಮಾಲೆಯಾಗಿ ಅವನು ತೀರಿಕೊಂಡಾಗ ಅಣ್ಣಂದಿರು ಬಂದು, ಮಗಳನ್ನು ಕರೆದುಕೊಂಡು ಅರಸೀಕೆರೆಗೇ ಬಂದುಬಿಡು ಎಂದರು. ಸಾಮಾನು ಕಟ್ಟುತ್ತಿದ್ದ ಹೊತ್ತಿಗೆ ಎದುರು ಮನೆಯ ಹೊನ್ನಯ್ಯ ಬಾಗಿಲಲ್ಲಿ ನಿಂತು, "ಯಾಕ್ ಹೋಯ್ತೀರಮ್ಮ? ನಾವೆಲ್ಲ ಇಲ್ವಾ?" ಅಂದಿದ್ದ. ಬೇರೆ ಯಾರೂ ಅಷ್ಟು ಹೇಳಿರಲಿಲ್ಲ. ಆ ಮಾತಿಗೆ ಅವಳು ಕಟ್ಟಿದ ಗಂಟು ಬಿಚ್ಚಿ ಉಳಿದುಕೊಂಡಳು.

ಹೊನ್ನಯ್ಯನಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಮಗಳ ಹೆಸರು ಇಂದು. ನಡೆಯಲು ಕಲಿತಾಗಿನಿಂದ ಆ ಮಗು ಇರುತ್ತಿದ್ದದ್ದು ಲೂರ್ದಮ್ಮನ ಮಿಷನ್ನಿನ ಕೆಳಗೆ, ಬಟ್ಟೆ ಚೂರುಗಳ ರಾಶಿಯಲ್ಲಿ. 'ಮಿಷನಜ್ಜಿ' ಎಂದು ಕರೆಯುತ್ತಿತ್ತು.

ಅದು ತೊಂಬತ್ತೇಳನೇ ಇಸವಿಯ ಡಿಸೆಂಬರ್. ಕ್ರಿಸ್‌ಮಸ್ ಹತ್ತಿರವಾಗಿತ್ತು. ಹುರುಳಿ ಕಿತ್ತ ಕಾಲ. ಕಿತ್ತ ಹುರುಳಿಯನ್ನು ಟಾರು ರಸ್ತೆಯ ಮೇಲೆ ಹಾಸುವುದು ಆ ಕಡೆ ರೂಢಿ; ಬಸ್ಸು ಲಾರಿಗಳ ಚಕ್ರಗಳೇ ಒಕ್ಕಣೆ ಮಾಡಿಕೊಡುತ್ತವೆ, ಬಳ್ಳಿಯನ್ನು ಆಗಾಗ ಮಗುಚಿ ಹಾಕಲು ಒಬ್ಬರು ನಿಂತಿದ್ದರಾಯಿತು. ಆ ಬೆಳಿಗ್ಗೆ ಹೊನ್ನಯ್ಯ ರಸ್ತೆಯ ತುಂಬ ದಪ್ಪಗೆ ಹುರುಳಿ ಹಾಸಿ, ಎಂಟು ವರ್ಷದ ಇಂದುವಿನ ಕೈಗೆ ಕೋಲು ಕೊಟ್ಟು, ಇನ್ನೊಂದು ಗಾಡಿ ತುಂಬಿಕೊಂಡು ಬರಲು ಹೊಲಕ್ಕೆ ಹೋಗಿದ್ದ.

ಲೂರ್ದಮ್ಮ ಕಿಟಕಿಯ ಹತ್ತಿರ ರವಿಕೆಯೊಂದಕ್ಕೆ ತೋಳು ಕೂಡಿಸುತ್ತಿದ್ದಳು. ಅರಸೀಕೆರೆ ಮಾರುಕಟ್ಟೆಗೆ ಕೊಬ್ಬರಿ ಮೂಟೆ ಹೇರಿಕೊಂಡ ಮೆಟಡೋರೊಂದು ಹಳೇಬೀಡಿನ ಕಡೆಯಿಂದ ಜೋರಾಗಿ ಬಂತು. ಬಳ್ಳಿಯ ಮೇಲೆ ಹತ್ತಿದ್ದೇ ಚಕ್ರಗಳು ಎಣ್ಣೆಯ ಮೇಲೆ ಹೋದಂತೆ ಜಾರಿದವು. ಡ್ರೈವರ್ ಬ್ರೇಕ್ ಒತ್ತಿದ ಸದ್ದು ಕೇಳಿತು. ಗಾಡಿ ನಿಲ್ಲಲಿಲ್ಲ, ಹಿಂಭಾಗ ಪೂರ್ತಿ ಅಡ್ಡ ತಿರುಗಿತು. ಇಂದು ಕೋಲು ಬಿಸಾಡಿ ಓಡುತ್ತಿದ್ದದ್ದನ್ನು ಲೂರ್ದಮ್ಮ ಕಂಡಳು. ಆಮೇಲೆ ಕಾಣಲಿಲ್ಲ.

ರವಿಕೆ ಕೈಯಲ್ಲಿರುವಂತೆಯೇ ಅವಳು ಓಡಿದಳು. ಮಗುವಿನ ಎಡಗಾಲು ಮೊಣಕಾಲಿನ ಕೆಳಗೆ ಬಾಗಬಾರದ ಕಡೆಗೆ ಬಾಗಿತ್ತು. ಬಳ್ಳಿಯ ಮೇಲೆಲ್ಲ ರಕ್ತ. ತಾಯಿ ಸುಮಿತ್ರಮ್ಮ ಬಂದು ನೋಡಿದವಳೇ ಕುಸಿದು ಕೂತಳು. ಲೂರ್ದಮ್ಮ ಮಗಳು ರೋಸಿಯನ್ನು ಕೂಗಿ ಅಳತೆಯ ಮರದ ಸ್ಕೇಲು ತರಿಸಿ, ಕಾಲಿಗೆ ಒತ್ತಿಟ್ಟು, ಕೈಯಲ್ಲಿದ್ದ ಹೊಸ ಬಟ್ಟೆಯನ್ನೇ ಹರಿದು ಸುತ್ತಿದಳು. ಯಾರ ರವಿಕೆ ಅದು ಎಂಬ ಯೋಚನೆ ಬರಲಿಲ್ಲ. ಮಗು ಅಳುತ್ತಿರಲಿಲ್ಲ. "ಅಪ್ಪ, ಅಪ್ಪ" ಎಂದು ಮೆತ್ತಗೆ ಅನ್ನುತ್ತಿತ್ತು. ಅದೇ ಅವಳಿಗೆ ಹೆಚ್ಚು ಭಯವಾದದ್ದು.

ಜಾವಗಲ್ ಕಡೆಯಿಂದ ಬಂದ ಜೀಪೊಂದನ್ನು ನಾಲ್ಕು ಜನ ತಡೆದು ನಿಲ್ಲಿಸಿದರು. ಸುಮಿತ್ರಮ್ಮನನ್ನು ಎತ್ತಿ ಕೂರಿಸಿ, ಮಗುವನ್ನು ತೊಡೆಯ ಮೇಲೆ ಮಲಗಿಸಿ, ಜೀಪು ಹಾಸನದ ದೊಡ್ಡಾಸ್ಪತ್ರೆಯ ದಾರಿ ಹಿಡಿಯಿತು.

ಅದು ಕಣ್ಣಿಗೆ ಮರೆಯಾದ ಮೇಲೆಯೇ ಲೂರ್ದಮ್ಮನಿಗೆ ಹಿಂದಿನ ಗದ್ದಲ ಕೇಳಿಸಿದ್ದು. ಮೆಟಡೋರಿನ ಗಾಜು ಒಡೆಯುತ್ತಿದ್ದರು. ಡ್ರೈವರನ್ನು ಎಳೆದು ಹಾಕಿ ಹೊಡೆದರಂತೆ. ಅಂಗಿ ಅವರ ಕೈಯಲ್ಲೇ ಬಿಟ್ಟು ತಪ್ಪಿಸಿಕೊಂಡನಂತೆ. ತೋಟಕ್ಕೆ ನುಗ್ಗಿದ ಎಂದು ಒಬ್ಬ, ಕೆರೆ ಕಡೆಗೆ ಎಂದು ಇನ್ನೊಬ್ಬ. ಅವಳು ಕೈ ತೊಳೆಯಲು ಮನೆಗೆ ನಡೆದಳು. ಬಾಗಿಲಲ್ಲಿ ನಿಂತಿದ್ದ ರೋಸಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಮ್ಮಾ, ಒಳಗಿದಾನೆ."

ನಡುಮನೆಯ ಮಂಚದ ಹಿಂದೆ, ಶಿಲುಬೆ ತೂಗುಹಾಕಿದ್ದ ಗೋಡೆಯ ಮೂಲೆಯಲ್ಲಿ ಅವನು ಮುದುಡಿ ಕೂತಿದ್ದ. ಮೂವತ್ತರ ಆಸುಪಾಸಿನವನು. ತಲೆ ಒಡೆದು ಕಣ್ಣಿನ ಮೇಲೆ ರಕ್ತ ಇಳಿದಿತ್ತು. ಅವನನ್ನು ಕಂಡ ಕೂಡಲೇ ಲೂರ್ದಮ್ಮನಿಗೆ ರಟ್ಟೆ ಹಿಡಿದು ದರದರ ಎಳೆದು ಬೀದಿಗೆ ನೂಕಿಬಿಡಬೇಕು ಅನ್ನಿಸಿತು. ಒಂದು ಹೆಜ್ಜೆ ಮುಂದಿಟ್ಟಿದ್ದಳು ಕೂಡ.

"ಅಮ್ಮಾ, ಮಗು ಜೀವಂತ ಐತಾ?" ಅಂದ ಅವನು.

ಅವಳು ನಿಂತಳು. "ಇದೆ," ಎಂದಳು. "ಯಾವೂರು ನಿಂದು?"

"ಗೆಂಡೆಹಳ್ಳಿ. ಕುಮಾರ ಅಂತ. ಬೇಕಂತ ಮಾಡ್ಲಿಲ್ಲಮ್ಮ. ಹುರುಳಿ ಜಾರ್ತು. ಅಷ್ಟು ದಪ್ಪ ಯಾರು ಹಾಸಿದ್ದು ಕೇಳಿ ಅವ್ರನ್ನ! ಮಗೀನ ರಸ್ತೇಲಿ ಯಾರು ನಿಲ್ಸಿದ್ದು ಕೇಳಿ!"

"ಬಾಯಿ ಮುಚ್ಚು. ಆ ಮಾತು ಈಗ ಹೊರಗೆ ಬಂದ್ರೆ ನಿನ್ನನ್ನ ಉಳಿಸೋರಿಲ್ಲ. ಆ ಮಗುವಿನ ತಂದೆ ಕಿವಿಗಂತೂ ಬೀಳಬಾರದು."

ಅವನಿಗೆ ಕುಡಿಯಲು ನೀರು ಕೊಟ್ಟು, ತಲೆಗೆ ಒತ್ತಿಕೊಳ್ಳಲು ಒಂದು ಬಟ್ಟೆ ಕೊಟ್ಟಳು. ಕೊಟ್ಟದ್ದು ಕನಿಕರದಿಂದಲ್ಲ; ಸಿಟ್ಟು ಇನ್ನೂ ಇಳಿದಿರಲಿಲ್ಲ. ರೋಸಿಯನ್ನು ಹಿತ್ತಲಿಗೆ ಕರೆದು, "ತೋಟದ ಒಳಗಿಂದ ಡೈರಿಗೆ ಹೋಗು. ಅಲ್ಲಿನ ಫೋನಿಂದ ಹಳೇಬೀಡು ಸ್ಟೇಷನ್ನಿಗೆ ಹೇಳು," ಎಂದಳು.

ರೋಸಿ ಅಲುಗಲಿಲ್ಲ. "ಅವರು ಕೇಳಿದ್ರೆ ಇಲ್ಲ ಅಂದ್ಬಿಡಮ್ಮಾ. ತೋಟದ ಕಡೆ ಓಡಿದ ಅನ್ನು. ನೀನು ಹೇಳಿದ್ರೆ ಎಲ್ರೂ ನಂಬ್ತಾರೆ."

"ನಂಬ್ತಾರೆ ಕಣೇ. ಅದಕ್ಕೇ ಹೇಳೋಕಾಗಲ್ಲ. ಹೋಗು ನೀನು."

ಮಗಳು ಹೋದ ಮೇಲೆ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, ಲೂರ್ದಮ್ಮ ಮುಂಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಹೊಸ್ತಿಲ ಮೇಲೆ ಕೂತಳು. ಕೈ ಇನ್ನೂ ತೊಳೆದಿರಲಿಲ್ಲ. ಮಗುವಿನ ರಕ್ತ ಉಗುರಿನ ಸಂದಿಯಲ್ಲಿ ಒಣಗಿತ್ತು.

ತೋಟ ಹುಡುಕಲು ಹೋದವರು ಬರಿಗೈಯಲ್ಲಿ ಬಂದರು. ಮೆಟ್ಟಿಲ ಮೇಲಿನ ರಕ್ತದ ಹನಿಯನ್ನು ಮೊದಲು ಕಂಡವನು ತಿಮ್ಮಯ್ಯ, ಹೊನ್ನಯ್ಯನ ಚಿಕ್ಕಪ್ಪನ ಮಗ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿರುವವನು. ಅವನು ಬಾಯಿ ತೆರೆಯುವಷ್ಟರಲ್ಲಿ ಗುಂಪು ಎರಡಾಗಿ ದಾರಿ ಬಿಟ್ಟಿತು. ಹೊಲದಿಂದ ಓಡಿ ಬಂದ ಹೊನ್ನಯ್ಯ ನಡುವೆ ನಿಂತಿದ್ದ. ಕೈಯಲ್ಲಿ ಮಚ್ಚು.

"ಒಳಗವ್ನೇನಮ್ಮ?"

"ಇದಾನೆ."

ಆ ಉತ್ತರವನ್ನು ಅವನು ನಿರೀಕ್ಷಿಸಿರಲಿಲ್ಲ. "ಎದ್ದೇಳಿ ಮತ್ತೆ."

"ಏಳಲ್ಲ ಹೊನ್ನಯ್ಯ. ಪೊಲೀಸಿನೋರು ಬರ್ತಾರೆ. ಅವರ ಕೈಗೆ ಕೊಡ್ತೀನಿ."

"ನನ್ ಮಗು ಹೋಯ್ತಮ್ಮ! ರಸ್ತೆಲಿ ರಕ್ತ ನೋಡ್ಕಂಡ್ ಬಂದಿವ್ನಿ! ಏಳು ಮೇಲೆ!"

ಅಷ್ಟು ವರ್ಷದಲ್ಲಿ ಅವನು ಅವಳಿಗೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಅವಳಿಗೆ ಮಚ್ಚಿಗಿಂತ ಅದು ನಾಟಿತು.

"ಏನ್ ಕೇಳದು ಅವ್ಳನ್ನ!" ತಿಮ್ಮಯ್ಯ ಕೂಗಿದ. "ಕಿರಿಸ್ತಾನ್ರ ಬುದ್ಧಿ ತೋರ್ಸಿದ್ಲು ನೋಡು. ನಮ್ ಮಗೀಗಿಂತ ಯಾವನೋ ದಾರಿಹೋಕ ಹೆಚ್ಚಾದ. ಎಳ್ದ್ ಹಾಕ್ರೋ!"

ಒಂದು ಕಲ್ಲು ಬಂದು ಸೂರಿನ ಹೆಂಚಿಗೆ ಬಡಿಯಿತು. ಚೂರುಗಳು ಅವಳ ತಲೆಯ ಮೇಲೂ ಮಡಿಲಲ್ಲೂ ಬಿದ್ದವು. ಇನ್ನೊಂದು ಕಲ್ಲು ಕಿಟಕಿಗೆ. ಗುಂಪಿನ ಹಿಂದಿನಿಂದ, "ಡೀಸೆಲ್ ತಗಂಬನ್ರೋ, ಮನೆ ಸಮೇತ ಸುಟ್ಟಾಕನ," ಎಂದು ಯಾರೋ ಅಂದರು. ಯಾರೆಂದು ಅವಳು ನೋಡಲಿಲ್ಲ. ಅಲ್ಲಿದ್ದ ಅರ್ಧಕ್ಕರ್ಧ ಜನರ ಹೆಂಡತಿ ಮಕ್ಕಳಿಗೆ ಅವಳು ಬಟ್ಟೆ ಹೊಲಿದಿದ್ದಳು. ಮುಖ ನೋಡಿದರೆ ಮುಂದೆ ಮರೆಯಲಾಗುವುದಿಲ್ಲ ಎಂದು ಕಣ್ಣನ್ನು ಹೊನ್ನಯ್ಯನ ಕಾಲಿನ ಮೇಲೇ ಇಟ್ಟಿದ್ದಳು. ಹೊಲದ ಮಣ್ಣು ಮೆತ್ತಿದ್ದ ಕಾಲುಗಳು. ಅವು ಒಂದು ಮೆಟ್ಟಿಲು ಹತ್ತಿದವು.

ಒಳಗಿನಿಂದ ಡ್ರೈವರ್ ಜೋರಾಗಿ ಅಳುವುದು ಕೇಳಿಸಿತು. ಈಗ ಅವನು ಹುರುಳಿಯ ಮಾತೆತ್ತಿದರೆ ಮುಗಿಯಿತು ಎಂದುಕೊಂಡಳು. ಆ ಮಾತು ತನ್ನ ನಾಲಿಗೆಯ ತುದಿಗೂ ಬಂದಿತ್ತು. 'ನೀನು ಹಾಸಿದ್ದೇನು, ಮಗುವನ್ನು ನಿಲ್ಲಿಸಿ ಹೋದದ್ದೇನು' ಎಂದು ಒಂದು ಸಲ ಕೇಳಿದ್ದರೆ ಗುಂಪು ತಣ್ಣಗಾಗುತ್ತಿತ್ತೋ ಏನೋ. ಆದರೆ ತಲೆಯೆತ್ತಿ ಹೊನ್ನಯ್ಯನ ಕಣ್ಣು ನೋಡಿದರೆ, ಅದು ಅವನಿಗೆ ಆಗಲೇ ಗೊತ್ತಿತ್ತು. ಹೊಲದಿಂದ ಓಡಿ ಬರುವಾಗ ದಾರಿಯುದ್ದಕ್ಕೂ ಅದೊಂದೇ ಗೊತ್ತಿತ್ತು. ಅದಕ್ಕೇ ಅವನಿಗೆ ಕೊಚ್ಚಲು ಯಾರಾದರೂ ಬೇಕಾಗಿತ್ತು.

ಅವಳು ಮೆತ್ತಗೆ, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು: "ಹೊನ್ನಯ್ಯ, ಮಗು ಜೀವಂತವಾಗಿದೆ. ಕಾಲಿಗೆ ನಾನೇ ಕಟ್ಟಿ ಕಳಿಸಿದ್ದು. ಜೀಪು ಹತ್ತಿಸೋವರೆಗೂ ಅಪ್ಪ ಅಪ್ಪ ಅಂತಿತ್ತು. ಸುಮಿತ್ರ ಒಬ್ಬಳೇ ಹೋಗಿದಾಳೆ. ನೀನು ಇಲ್ಲೇನು ಮಾಡ್ತಿದೀಯ?"

ಮೆಟ್ಟಿಲು ಹತ್ತುತ್ತಿದ್ದ ಕಾಲು ಅಲ್ಲೇ ನಿಂತಿತು.

"ಅಪ್ಪ ಅಂತಿತ್ತಾ?"

"ನಿನ್ನನ್ನೇ ಕರೀತಿತ್ತು. ಹೋಗಪ್ಪ. ಡಾಕ್ಟ್ರು ಕಾಲು ಮುಟ್ಟೋವಾಗ ನೀನು ಹತ್ರ ಇರಬೇಕು."

ಹೊನ್ನಯ್ಯನ ಮುಖದ ಬಿಗಿ ಸಡಿಲಿತು. ಮಚ್ಚು ಯಾವಾಗ ಕೈಬಿಟ್ಟನೋ ಅವನಿಗೇ ತಿಳಿಯಲಿಲ್ಲ. ಮಗುವಿನಂತೆ ಬಿಕ್ಕಿ, ತಿರುಗಿ, ಯಾರದೋ ಬೈಕಿನ ಹಿಂದೆ ಹತ್ತಿ ಕೂತ. ಲೂರ್ದಮ್ಮ ಕಾಲು ಚಾಚಿ ಮಚ್ಚನ್ನು ತನ್ನ ಸೀರೆಯ ಕೆಳಗೆ ಎಳೆದುಕೊಂಡಳು.

ಅವನು ಹೋದರೆ ಎಲ್ಲ ಮುಗಿಯುತ್ತದೆ ಎಂದುಕೊಂಡಿದ್ದಳು. ಹಾಗಾಗಲಿಲ್ಲ. ಮಗುವಿನ ತಂದೆಯ ಎದುರು ಒಂದಿಷ್ಟು ಅಂಕೆಯಲ್ಲಿದ್ದ ಜನ ಈಗ ಹತ್ತಿರ ಒತ್ತಿಕೊಂಡು ಬಂದರು. ತಿಮ್ಮಯ್ಯ ಅವಳ ರಟ್ಟೆ ಹಿಡಿದು ಎಳೆದ. ಅವಳು ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದಳು. ಬಾಯಲ್ಲಿ ಜಪ ಬರುತ್ತಿತ್ತು. ಯಾವ ಜಪವೆಂಬುದು ಅವಳಿಗೇ ಗೊತ್ತಿರಲಿಲ್ಲ, ಅರ್ಧಕ್ಕೆ ನಿಂತು ಮತ್ತೆ ಮೊದಲಾಗುತ್ತಿತ್ತು. ತೋಳಿನ ಕೀಲು ಕಳಚಿ ಬರುವಂತಾದಾಗಲೇ ಹಳೇಬೀಡು ಕಡೆಯಿಂದ ಪೊಲೀಸ್ ಜೀಪಿನ ಹಾರ್ನ್ ಕೇಳಿಸಿದ್ದು.

ಜೀಪಿಗೂ ಬಾಗಿಲಿಗೂ ನಡುವೆ ಹತ್ತು ಮಾರು ದೂರ. ಕುಮಾರನನ್ನು ಆ ಹತ್ತು ಮಾರು ನಡೆಸಿಕೊಂಡು ಹೋಗುವುದೇ ಕಷ್ಟವಾಯಿತು. ಕಾನ್‌ಸ್ಟೇಬಲ್ಲುಗಳು ಇಬ್ಬರೇ. ಲೂರ್ದಮ್ಮ ಅವನ ಇನ್ನೊಂದು ಪಕ್ಕಕ್ಕೆ ಅಂಟಿಕೊಂಡು ನಡೆದಳು. ಅವನ ತಲೆಗೆಂದು ಬೀಸಿದ ದೊಣ್ಣೆ ಅವಳ ಭುಜಕ್ಕೆ ಬಿತ್ತು. ಬೀಸಿದವನು ತಿಮ್ಮಯ್ಯ. ಈ ಸಲ ಮುಖ ಕಂಡುಬಿಟ್ಟಿತು.

ಸಬ್ ಇನ್‌ಸ್ಪೆಕ್ಟರ್ ಅಲ್ಲೇ ಎಲ್ಲರ ಎದುರು ಕೇಳಿದ: "ನೀವು ಕಣ್ಣಾರೆ ನೋಡಿದ್ರೇನಮ್ಮ? ಹೇಗಾಯ್ತು?"

ಜೀಪಿನೊಳಗಿನಿಂದ ಕುಮಾರ ನೋಡುತ್ತಿದ್ದ. ಈಚೆಯಿಂದ ಊರೇ ನೋಡುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಗಾಡಿ ಜೋರಾಗಿ ಬಂತು ಸಾರ್. ಊರೊಳಗೆ ಅಷ್ಟು ಜೋರಾಗಿ ಬರಬಾರದಿತ್ತು." ಆಮೇಲೆ ತುಸು ತಡೆದು, "ರಸ್ತೆ ಮೇಲೆ ಹುರುಳಿ ಹಾಸಿದ್ರು. ಬ್ರೇಕ್ ಹಾಕಿದ, ಜಾರ್ತು," ಎಂದಳು.

ಎರಡೂ ಕಡೆಗೂ ಬೇಡವಾದ ಮಾತು. ಕುಮಾರ ತಲೆ ತಗ್ಗಿಸಿದ. ಗುಂಪು ಕರಗಿತು.

ಮರುದಿನವೇ ಲೂರ್ದಮ್ಮ ಫ್ಲಾಸ್ಕಿನಲ್ಲಿ ಹಾಲು, ಒಂದು ಬ್ರೆಡ್ಡು ಹಿಡಿದುಕೊಂಡು ಹಾಸನದ ಬಸ್ಸು ಹತ್ತಿದಳು. ಮಗುವಿನ ಕಾಲು ಉಳಿದಿತ್ತು, ರಾಡು ಹಾಕಿದ್ದರು. ವಾರ್ಡಿನ ಬಾಗಿಲಲ್ಲೇ ಹೊನ್ನಯ್ಯ ತಡೆದ. "ಹುರುಳಿ ವಿಷ್ಯ ಹೇಳಿದ್ರಂತಲ್ಲ. ನನ್ ಮಗೀನ್ ಕಾಲು ನಾನೇ ಮುರ್ದಂಗೆ ಆಯ್ತು. ಬರಬ್ಯಾಡಿ ಇನ್ನು." ಅವಳು ಫ್ಲಾಸ್ಕನ್ನು ಆಯಾ ಕೈಗೆ ಕೊಟ್ಟು ಹೊರಗಿನ ಬೇವಿನ ಮರದಡಿ ಸಂಜೆಯವರೆಗೆ ಕೂತು ವಾಪಸ್ಸು ಬಂದಳು. ಮುಂದಿನ ವಾರವೂ ಹೋದಳು. ಅದರ ಮುಂದಿನ ವಾರವೂ.

ಊರಿನಲ್ಲಿ ರವಿಕೆ ಹೊಲಿಸುವವರು ಹಳೇಬೀಡಿಗೆ ಹೋಗತೊಡಗಿದರು. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನೂ ಮಕ್ಕಳ ಕೈಲಿ ವಾಪಸ್ಸು ತರಿಸಿಕೊಂಡರು. ನಲ್ಲಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ರೋಸಿ ಅರಸೀಕೆರೆಗೆ ಹೋಗೋಣವೆಂದು ದಿನವೂ ಅಳುತ್ತಿದ್ದಳು. "ಈಗ ಹೋದ್ರೆ ತಪ್ಪು ಮಾಡಿ ಓಡಿಹೋದಂಗೆ ಆಗುತ್ತೆ ಕಣೇ," ಎನ್ನುತ್ತಿದ್ದಳು ಲೂರ್ದಮ್ಮ. ಹಾಗೆ ಹೇಳುವಾಗ ತಾನು ಮಾಡಿದ್ದು ಸರಿಯೆಂಬ ಧೈರ್ಯ ಅವಳಿಗೇ ಪೂರ್ತಿ ಇರಲಿಲ್ಲ.

ಜಾಮೀನಿನ ಮೇಲೆ ಹೊರಗಿದ್ದ ಕುಮಾರ ಕೆಲವು ತಿಂಗಳಾದ ಮೇಲೆ ತನ್ನ ತಾಯಿಯನ್ನು ಕರೆದುಕೊಂಡು, ಒಂದು ಗೊನೆ ಬಾಳೆಹಣ್ಣು ಹೊತ್ತು ಬಂದ. ಅವಳ ಕಾಲಿಗೆ ಬಿದ್ದ.

"ನನ್ನ ಕಾಲಿಗೆ ಯಾಕಪ್ಪ? ಆ ಮನೆಗೆ ಹೋಗು. ಮಗುವನ್ನ ನೋಡು. ತಪ್ಪಾಯ್ತು ಅನ್ನು. ನಾನೂ ಬರ್ತೀನಿ ಜೊತೆಗೆ."

ಕುಮಾರ ಎದುರು ಮನೆಯ ಬಾಗಿಲನ್ನು ನೋಡಿದ. ಜಗುಲಿಯ ಮೇಲೆ ಕಾಲು ನೀಡಿ ಕೂತಿದ್ದ ಇಂದುವನ್ನೂ ನೋಡಿದ. "ಇನ್ನೊಂದ್ ಸತಿ ಬತ್ತೀನಮ್ಮ," ಅಂದ. ಬಸ್ಸು ಬರುವ ಮೊದಲೇ ಹೋಗಿ ಸ್ಟಾಪಿನಲ್ಲಿ ನಿಂತುಕೊಂಡ. ಮತ್ತೆ ಬರಲಿಲ್ಲ. ಬಾಳೆಗೊನೆ ಲೂರ್ದಮ್ಮನ ಜಗುಲಿಯ ಮೇಲೆ ಕೊಳೆಯಿತು. ಅವಳಿಗೆ ಅದನ್ನು ಮುಟ್ಟಲೂ ಮನಸ್ಸಾಗಲಿಲ್ಲ.

ಒಂದು ಭಾನುವಾರ ಪೂಜೆಗೆ ಅರಸೀಕೆರೆಗೆ ಹೋದಾಗ ಅವಳು ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಕೂತಳು. "ಫಾದರ್, ನಂಗೆ ಯಾರ ಮೇಲೂ ದಯೆ ಇಲ್ಲ. ಉಳಿಸಿದೋನ ಮೇಲೂ ಇಲ್ಲ. ನಂಗೆ ಹೊಡೆದೋನ ಮುಖ ಕಂಡ್ರೆ ಮೈ ಉರಿಯುತ್ತೆ. ಹೊರಗೆ ಮಾತ್ರ ಒಳ್ಳೆಯವಳ ಥರ ಇದೀನಿ. ಇದು ಮೋಸ ಅಲ್ವಾ?"

ಪಾದ್ರಿಗಳು ವಯಸ್ಸಾದವರು. "ಮನಸ್ಸಿಗೆ ಬರೋವರೆಗೆ ಕಾಯಬೇಡಿ ಲೂರ್ದಮ್ಮ," ಎಂದರು. "ಕೈಯಲ್ಲಿ ಮಾಡ್ತಾ ಇರಿ. ಯೇಸುಸ್ವಾಮಿ ಕೈಯಿಂದಲೂ ಒಳಗೆ ಬರ್ತಾರೆ."

ಅವಳು ಅದನ್ನು ಅಕ್ಷರಶಃ ಹಿಡಿದುಕೊಂಡಳು. ಮನಸ್ಸು ಏನಾದರೂ ಅನ್ನಲಿ, ಕೈ ಮಾಡಬೇಕಾದ್ದನ್ನು ಮಾಡುತ್ತಿತ್ತು. ನಲ್ಲಿಯಲ್ಲಿ ಸುಮಿತ್ರಮ್ಮನ ಕೊಡ ತುಂಬಿ ಪಕ್ಕಕ್ಕಿಡುತ್ತಿತ್ತು. ಸುಮಿತ್ರಮ್ಮ ಮಾತಾಡದೆ ಎತ್ತಿಕೊಂಡು ಹೋಗುತ್ತಿದ್ದಳು.

ಇಂದು ಕುಂಟುತ್ತ ಬೆಳೆದಳು. ಹೊನ್ನಯ್ಯ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹಳೇಬೀಡಿನ ಹೈಸ್ಕೂಲಿಗೆ ಬಿಟ್ಟು ಬರುತ್ತಿದ್ದ. ಎದುರು ಮನೆಗೆ ಹೋಗಕೂಡದೆಂದು ಅವಳಿಗೆ ಕಟ್ಟಪ್ಪಣೆ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಒಂದು ಮಧ್ಯಾಹ್ನ, ಅಪ್ಪ ಅಮ್ಮ ಹೊಲದಲ್ಲಿದ್ದಾಗ, ಅವಳು ರಸ್ತೆ ದಾಟಿ ಬಂದು ನೇರವಾಗಿ ಮಿಷನ್ನಿನ ಎದುರು ನಿಂತಳು. ಕೂರು ಎಂದರೂ ಕೂರಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳಿ. ನನ್ನ ಹಿಂಗೆ ಮಾಡ್ದೋನ್ನ ನೀವ್ಯಾಕೆ ಉಳಿಸಿದ್ರಿ?"

ಲೂರ್ದಮ್ಮ ಚಕ್ರದ ಮೇಲೆ ಕೈಯಿಟ್ಟು ಮಿಷನ್ ನಿಲ್ಲಿಸಿದಳು. ಎಷ್ಟೋ ಸಲ ಮನಸ್ಸಿನೊಳಗೇ ಈ ಪ್ರಶ್ನೆಗೆ ಉತ್ತರ ಕೊಟ್ಟುಕೊಂಡಿದ್ದಳು. ಈಗ ಹುಡುಗಿಯ ಮುಖ ನೋಡಿದರೆ ಒಂದೂ ನಿಲ್ಲಲಿಲ್ಲ.

"ಅವನು ಬಾಗಿಲಿಗೆ ಬಂದಿದ್ದ ಕಣೇ. ಬಂದ ಮೇಲೆ ಹೊರಗೆ ನೂಕೋಕಾಗಲಿಲ್ಲ. ನೂಕಬೇಕು ಅಂತ ನಂಗೂ ಅನ್ನಿಸಿತ್ತು."

"ಅಷ್ಟೇನಾ?"

"ಅಷ್ಟೇ ಅಲ್ಲ." ಅವಳು ತಡೆದು ತಡೆದು ಹೇಳಿದಳು. "ನಿಮ್ಮಪ್ಪನ ಕೈಲಿ ಮಚ್ಚಿತ್ತು. ಅದು ಬೀಸಿದ್ರೆ ಒಬ್ಬ ಹೋಗ್ತಿದ್ದ. ನಿಮ್ಮಪ್ಪ ಜೈಲಿಗೆ ಹೋಗ್ತಿದ್ದ. ನೀನು ಆಸ್ಪತ್ರೆಯಿಂದ ಬಂದಾಗ ನಿನ್ನ ಎತ್ಕೊಳ್ಳೋಕೆ, ಸೈಕಲ್ ಮೇಲೆ ಕೂರಿಸ್ಕೊಂಡು ಹೋಗೋಕೆ ಯಾರಿರ್ತಿದ್ರು? ನಾನು ಬಾಗಿಲಿಗೆ ಅಡ್ಡ ಕೂತಿದ್ದು ಒಳಗಿದ್ದೋನ ಸಲುವಾಗಿ ಮಾತ್ರ ಅಲ್ಲ."

ಇಂದು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಬಂದಂತೆಯೇ ಕುಂಟುತ್ತ ರಸ್ತೆ ದಾಟಿದಳು.

ಮನೆಯಲ್ಲಿ ಅವಳು ಏನು ಹೇಳಿದಳೋ, ಅಪ್ಪ ಮಗಳ ನಡುವೆ ಏನಾಯಿತೋ ಯಾರಿಗೂ ಗೊತ್ತಿಲ್ಲ. ಕೆಲವು ದಿನಗಳಾದ ಮೇಲೆ ಹೊನ್ನಯ್ಯ ಬಂದು ಮೆಟ್ಟಿಲ ಕೆಳಗೆ ನಿಂತ. ಕೂದಲು ಅರ್ಧ ನೆರೆತಿತ್ತು. ಲೂರ್ದಮ್ಮ ಕುರ್ಚಿ ತಂದು ಹಾಕಿದಳು. ಕೂತವನು ನೆಲ ನೋಡುತ್ತ, "ಅವತ್ತು ನಾನು ಮಚ್ಚು ಹಿಡ್ಕಂಡ್ ನಿಂತಾಗ ನೀವು ಕೂಗಾಡಿ ಹೇಳಬೋದಾಗಿತ್ತು," ಅಂದ. "ಎಲ್ರ ಮುಂದೆ, ತಪ್ಪು ನಂದೇ ಅಂತ."

"ನೀನೇ ಅದನ್ನ ಹೊತ್ಕೊಂಡು ಬಂದಿದ್ದೆ. ಮೇಲೆ ನಾನೊಂದು ಹೊರೆ ಇಡಬೇಕಾಗಿತ್ತಾ?"

ಅವನು ಟವೆಲಿನಿಂದ ಕಣ್ಣೊತ್ತಿಕೊಂಡ. ಅವಳು ಕಾಫಿ ಮಾಡಿ ತಂದಳು. ಅವನು ಲೋಟ ಪೂರ್ತಿ ಖಾಲಿ ಮಾಡಿದ. ಹೋಗುವಾಗ ಅವನು, "ಬತ್ತೀನಿ ಕಣಮ್ಮ," ಅಂದ.

ಸುಮಿತ್ರಮ್ಮ ಬರತೊಡಗಿದ ಮೇಲೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದರು. ತಿಮ್ಮಯ್ಯ ಮಾತ್ರ ಆ ಮೆಟ್ಟಿಲು ಹತ್ತಲೇ ಇಲ್ಲ. ದೊಣ್ಣೆ ಬಿದ್ದ ಭುಜ ಚಳಿಗಾಲದಲ್ಲಿ ಹಿಡಿದುಕೊಂಡಾಗಲೆಲ್ಲ ಲೂರ್ದಮ್ಮನಿಗೆ ಅವನ ಮುಖ ಕಣ್ಣಿಗೆ ಬರುತ್ತಿತ್ತು, ಒಳಗೆ ಹಳೆಯ ಉರಿ ಏಳುತ್ತಿತ್ತು. ಅವನ ಹೆಂಡತಿಗೆ ಹೆರಿಗೆಯಾದಾಗ ಮಗುವಿಗೊಂದು ಅಂಗಿ ಹೊಲಿದು ರೋಸಿಯ ಕೈಲಿ ಕಳಿಸಿದಳು. ಅಂಗಿ ಅದೇ ದಿನ ವಾಪಸ್ಸು ಬಂತು. ಎರಡನೆಯ ಮಗು ಹುಟ್ಟಿದಾಗ ಇನ್ನೊಂದು ಹೊಲಿದು ಕಳಿಸಿದಳು. ಅದು ವಾಪಸ್ಸು ಬರಲಿಲ್ಲ. ಆ ಮಗು ಅದನ್ನು ಹಾಕಿಕೊಂಡದ್ದನ್ನೂ ಊರಿನಲ್ಲಿ ಯಾರೂ ನೋಡಲಿಲ್ಲ.